ಟ್ಯೂಬಿನಲ್ಲಿ ಬ್ಯಾಕ್ಟೀರಿಯಾ ಬೆಳೆದಾಗ: ದೋಷ ಎಲ್ಲಿದೆ ಎಂದು ಪತ್ತೆಹಚ್ಚುವ ಕ್ರಮ

ರೋಗಿ ವೆಂಟಿಲೇಟರ್ ಮೇಲಿದ್ದು ನಾಲ್ಕು ದಿನ ಆಗಿದೆ. ಶ್ವಾಸನಾಳಕ್ಕೆ ಇಳಿಸಿದ ಟ್ಯೂಬಿನಿಂದ ಹೀರಿ ಕಳಿಸಿದ್ದ ಕಫದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಪರೀಕ್ಷೆ) ವರದಿ ಬಂದಿದೆ: ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ, ಹೇರಳ ಬೆಳವಣಿಗೆ. ಆದರೆ ಜ್ವರವಿಲ್ಲ, ಆಮ್ಲಜನಕದ ಅಗತ್ಯ ನಿನ್ನೆಯಷ್ಟೇ ಇದೆ, ಎಕ್ಸ್‌ರೇಯಲ್ಲಿ ಹೊಸದೇನೂ ಕಾಣುವುದಿಲ್ಲ. ವರದಿ ಹೇಳುತ್ತಿರುವುದು ಟ್ಯೂಬಿನಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿದೆ ಎಂಬುದನ್ನು ಮಾತ್ರ. ಅದು ಶ್ವಾಸಕೋಶಕ್ಕೆ ಸೋಂಕು ತಂದಿದೆಯೇ ಎಂಬುದು ಎರಡನೇ ಪ್ರಶ್ನೆ. ಯಾವ ದಾರಿಯಲ್ಲಿ ಬಂತು ಎಂಬುದು ಮೂರನೆಯದು. ಮೂರನ್ನೂ ಕಲಸಿ ಆಂಟಿಬಯಾಟಿಕ್ ಬರೆದರೆ ದಾರಿ ತೆರೆದೇ ಉಳಿಯುತ್ತದೆ. ವಾರ ಕಳೆಯುವಷ್ಟರಲ್ಲಿ ಇನ್ನೂ ಗಟ್ಟಿ ತಳಿ ಬಂದು ಕೂರುತ್ತದೆ.

ಟ್ಯೂಬ್ ಹಾಕಿದ ಕ್ಷಣದಿಂದ ಗಂಟಲಿನ ಬಾಗಿಲು ಮುಚ್ಚುವುದಿಲ್ಲ, ಕೆಮ್ಮಿಗೆ ಬಲವಿರುವುದಿಲ್ಲ, ಶ್ವಾಸನಾಳದ ಕೂದಲೆಳೆಗಳು ಕಫವನ್ನು ಮೇಲೆ ತಳ್ಳಿದರೂ ಅದು ಟ್ಯೂಬಿನ ಸುತ್ತ ಸಂದಿ ಮುಚ್ಚಲು ಉಬ್ಬಿಸಿದ ಬಲೂನಿಗೆ ಬಂದು ನಿಲ್ಲುತ್ತದೆ. ಪಿವಿಸಿ ಟ್ಯೂಬಿನ ಒಳಗೋಡೆಗೆ ಕೆಲವೇ ಗಂಟೆಗಳಲ್ಲಿ ಪ್ರೋಟೀನಿನ ತೆಳು ಲೇಪ ಅಂಟುತ್ತದೆ, ಅದರ ಮೇಲೆ ಬ್ಯಾಕ್ಟೀರಿಯಾ ಕೂತು ತಮ್ಮದೇ ಅಂಟಿನ ಪದರ ಕಟ್ಟಿಕೊಳ್ಳುತ್ತವೆ. ಅದೇ ಬಯೋಫಿಲ್ಮ್. ಕೆಲವು ದಿನ ಕಳೆದ ಯಾವ ಟ್ಯೂಬಿನಲ್ಲೂ ಇದು ಇದ್ದೇ ಇರುತ್ತದೆ ಎಂದುಕೊಂಡೇ ಹುಡುಕಾಟ ಶುರು ಮಾಡಿ. ಕೇಳಬೇಕಾದದ್ದು ಬ್ಯಾಕ್ಟೀರಿಯಾ ಇದೆಯೇ ಎಂದಲ್ಲ, ಯಾವ ಸಂದಿಯಿಂದ ಎಷ್ಟು ಕೆಳಗಿಳಿಯುತ್ತಿದೆ ಎಂದು.

ಮೊದಲು: ಟ್ಯೂಬ್ ಕಟ್ಟಿಕೊಂಡಿಲ್ಲ ತಾನೆ?

ವರದಿಯ ಚರ್ಚೆ ಆಮೇಲೆ. ಒತ್ತಡದ ಅಲಾರಂ ಹೊಡೆಯುತ್ತಿದ್ದರೆ, ಆಮ್ಲಜನಕ ಇಳಿಯುತ್ತಿದ್ದರೆ ಟ್ಯೂಬ್ ಜಾರಿದೆಯೇ, ಕಟ್ಟಿದೆಯೇ, ಎದೆಗೂಡಿನಲ್ಲಿ ಗಾಳಿ ಸೇರಿದೆಯೇ, ಯಂತ್ರವೇ ಕೆಟ್ಟಿದೆಯೇ ಎಂಬ ನಾಲ್ಕನ್ನೂ ನೋಡಿ. ವೆಂಟಿಲೇಟರ್ ಬಿಡಿಸಿ 100 ಪ್ರತಿಶತ ಆಮ್ಲಜನಕದೊಂದಿಗೆ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಹಿಡಿಯಿರಿ. ಬ್ಯಾಗ್ ಸುಲಭವಾಗಿ ಹೋಗಿ ಎದೆಯೂ ಏರುತ್ತಿದ್ದರೆ ದೋಷ ಸರ್ಕ್ಯೂಟಿನಲ್ಲಿ (ಯಂತ್ರದಿಂದ ಟ್ಯೂಬಿಗೆ ಬರುವ ನಳಿಕೆಗಳಲ್ಲಿ) ಅಥವಾ ಯಂತ್ರದಲ್ಲಿದೆ. ಬಿಗಿಯಾಗಿದ್ದರೆ ಸಕ್ಷನ್ ಕ್ಯಾಥೆಟರ್ (ಕಫ ಹೀರುವ ತೆಳು ನಳಿಕೆ) ಇಳಿಸಿ ನೋಡಿ. ಟ್ಯೂಬಿನ ತುದಿ ದಾಟದಿದ್ದರೆ ಒಳಗೆ ಕಫದ ಗಡ್ಡೆ ಇದೆ, ಅಥವಾ ರೋಗಿ ಕಚ್ಚುತ್ತಿದ್ದಾರೆ, ಅಥವಾ ಟ್ಯೂಬ್ ಮಡಚಿದೆ. ಪೂರ್ತಿ ಕಟ್ಟಿಕೊಂಡ ಟ್ಯೂಬನ್ನು ಸಲೈನ್ ಸುರಿದು ಬಿಡಿಸಲು ಹೋಗಿ ನಿಮಿಷಗಳನ್ನು ಕಳೆಯಬೇಡಿ; ತೆಗೆದು ಬೇರೆ ಹಾಕುವವರನ್ನು ಕರೆಯಿರಿ.

ಟ್ಯೂಬಿನಲ್ಲಿದೆಯೇ, ಶ್ವಾಸಕೋಶದಲ್ಲಿದೆಯೇ?

ವೆಂಟಿಲೇಟರಿಗೆ ಸೇರಿದ 48 ಗಂಟೆಗಳ ನಂತರ ಶುರುವಾದ ನ್ಯುಮೋನಿಯಾವನ್ನೇ ವೆಂಟಿಲೇಟರ್ ನ್ಯುಮೋನಿಯಾ ಎನ್ನುವುದು. ಎಕ್ಸ್‌ರೇಯಲ್ಲಿ ಹೊಸ ಅಥವಾ ಹೆಚ್ಚುತ್ತಿರುವ ನೆರಳು ಇರಬೇಕು. ಅದರ ಜತೆಗೆ 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, 12,000ಕ್ಕಿಂತ ಹೆಚ್ಚು ಅಥವಾ 4,000ಕ್ಕಿಂತ ಕಡಿಮೆ ಬಿಳಿ ರಕ್ತಕಣ, ಕೀವಿನಂಥ ಕಫ ಇವುಗಳಲ್ಲಿ ಕನಿಷ್ಠ ಎರಡು. ಆಮ್ಲಜನಕದ ಮಟ್ಟ ಕುಸಿದಿದ್ದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ. ಕಫ ಕೀವಾಗಿದೆ, ಜ್ವರವಿದೆ, ಆದರೆ ನೆರಳಿಲ್ಲ ಎಂದಾದರೆ ಅದು ಶ್ವಾಸನಾಳದ ಉರಿಯೂತ; ಅಮೆರಿಕದ ಸೋಂಕುರೋಗ ಮತ್ತು ಶ್ವಾಸರೋಗ ತಜ್ಞರ ಸಂಘಗಳ 2016ರ ಮಾರ್ಗಸೂಚಿ ಇದಕ್ಕೆ ಸಾಮಾನ್ಯವಾಗಿ ಆಂಟಿಬಯಾಟಿಕ್ ಕೊಡುವುದು ಬೇಡ ಎನ್ನುತ್ತದೆ. ಏನೂ ಇಲ್ಲದೆ ಬರೀ ಕಲ್ಚರ್ ಪಾಸಿಟಿವ್ ಆಗಿದ್ದರೆ ಅದು ನೆಲೆಯೂರುವಿಕೆ ಅಷ್ಟೆ.

ನೆರಳು ಕಂಡ ಮಾತ್ರಕ್ಕೆ ನ್ಯುಮೋನಿಯಾ ಎನ್ನುವಂತೆಯೂ ಇಲ್ಲ. ಮೊದಲು ಟ್ಯೂಬಿನ ತುದಿ ಎಲ್ಲಿದೆ ನೋಡಿ. ಬಲ ಶ್ವಾಸನಳಿಕೆಗೆ ಇಳಿದಿದ್ದರೆ ಎಡ ಶ್ವಾಸಕೋಶ ಕುಸಿದು ಬಿಳಿಯಾಗಿ ಕಾಣುತ್ತದೆ, ಎರಡು ಸೆಂ.ಮೀ. ಎಳೆದರೆ ಸರಿಹೋಗುವುದಕ್ಕೆ ಮೆರೋಪೆನಮ್ ಎಂಬ ಆಂಟಿಬಯಾಟಿಕ್ ಕೊಟ್ಟಿರುತ್ತಾರೆ. ಶ್ವಾಸಕೋಶದಲ್ಲಿ ನೀರು ತುಂಬುವುದು, ಕಫ ಕಟ್ಟಿ ಒಂದು ಭಾಗ ಕುಸಿಯುವುದು, ಎದೆಪೊರೆಯಲ್ಲಿ ನೀರು, ಎಆರ್‌ಡಿಎಸ್ (ಶ್ವಾಸಕೋಶದ ತೀವ್ರ ಉರಿಯೂತದ ವೈಫಲ್ಯ) ಎಲ್ಲವೂ ಇದೇ ಚಿತ್ರ ಕೊಡುತ್ತವೆ.

ದಿನದಿನದ ಅಂಕಿ ಗಮನಿಸುವವರಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2013ರಲ್ಲಿ ತಂದ ಒಂದು ಅಳತೆ ಉಪಯುಕ್ತ. ಎರಡು ದಿನ ಸ್ಥಿರವಾಗಿದ್ದ ರೋಗಿಗೆ ದಿನದ ಕನಿಷ್ಠ ಎಫ್‌ಐಒ2 (ಒಳಹೋಗುವ ಗಾಳಿಯಲ್ಲಿ ಆಮ್ಲಜನಕದ ಪಾಲು) 0.20 ಅಥವಾ ಅದಕ್ಕಿಂತ ಹೆಚ್ಚು ಏರಿ, ಇಲ್ಲವೇ ಕನಿಷ್ಠ ಪೀಪ್ (ಉಸಿರು ಬಿಟ್ಟ ಕೊನೆಯಲ್ಲೂ ಯಂತ್ರ ಉಳಿಸುವ ಒತ್ತಡ) 3 ಸೆಂ.ಮೀ. ನೀರಿನಷ್ಟು ಏರಿ ಎರಡು ದಿನ ಹಾಗೇ ನಿಂತರೆ ಏನೋ ಆಗಿದೆ ಎಂದರ್ಥ. ಇದು ನಿಗಾ ವ್ಯವಸ್ಥೆಗೆ ಮಾಡಿದ ಅಳತೆ, ಚಿಕಿತ್ಸೆ ನಿರ್ಧರಿಸುವುದಕ್ಕಲ್ಲ. ಆದರೂ ಎಚ್ಚರಿಕೆಯ ಗಂಟೆಯಾಗಿ ಕೆಲಸಕ್ಕೆ ಬರುತ್ತದೆ.

ಮಾದರಿಯೇ ಕೆಟ್ಟಿದ್ದರೆ

ಪ್ರಯೋಗಾಲಯದ ವರದಿಯಲ್ಲಿ ಗ್ರಾಮ್ ಸ್ಟೇನ್ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಸಾಲನ್ನು ಓದದೆ ಕಲ್ಚರಿನ ಹೆಸರಿಗೆ ಹಾರಬೇಡಿ. ಕಡಿಮೆ ವರ್ಧನೆಯ ಒಂದು ನೋಟದಲ್ಲಿ ಚಪ್ಪಟೆ ಎಪಿಥೀಲಿಯಲ್ ಕೋಶಗಳು 10ಕ್ಕಿಂತ ಕಡಿಮೆ, ನ್ಯೂಟ್ರೋಫಿಲ್‌ಗಳು 25ಕ್ಕಿಂತ ಹೆಚ್ಚು ಇದ್ದರೆ ಮಾದರಿ ಕೆಳಗಿನಿಂದ ಬಂದಿದೆ. ಎಪಿಥೀಲಿಯಲ್ ಕೋಶಗಳೇ ತುಂಬಿದ್ದರೆ ಅದು ಬಾಯಿಯ ಜೊಲ್ಲು. ಬಾಯಿಗೆ ಬಳಸಿದ ಕ್ಯಾಥೆಟರನ್ನೇ ಟ್ಯೂಬಿಗೂ ಇಳಿಸಿರುವ ಸಾಧ್ಯತೆ ಹೆಚ್ಚು, ಹಾಗಾದರೆ ಅದು ಬರೀ ಮಾದರಿಯ ದೋಷವಲ್ಲ, ಬ್ಯಾಕ್ಟೀರಿಯಾ ಒಳಹೋಗುವ ದಾರಿಯೂ ಹೌದು.

ಎಣಿಕೆ ಸಹಿತ ಕಲ್ಚರ್ ಇದ್ದರೆ ಸಾಮಾನ್ಯವಾಗಿ ಬಳಸುವ ಗಡಿಗಳು ಹೀಗಿವೆ: ಟ್ಯೂಬಿನಿಂದ ಹೀರಿದ ಕಫದಲ್ಲಿ ಮಿ.ಲೀ.ಗೆ 1,00,000ರಿಂದ 10,00,000 ಬ್ಯಾಕ್ಟೀರಿಯಾ, ಬ್ರಾಂಕೋಸ್ಕೋಪಿಯಲ್ಲಿ ಶ್ವಾಸಕೋಶ ತೊಳೆದು ತೆಗೆದದ್ದರಲ್ಲಿ 10,000, ರಕ್ಷಿತ ಬ್ರಷ್‌ನಲ್ಲಿ 1,000. ಹೊಸ ಆಂಟಿಬಯಾಟಿಕ್ ಶುರುವಾಗುವ ಮೊದಲೇ ಮಾದರಿ ತೆಗೆಯಿರಿ. ಕೂಡಲೇ ಕಳಿಸಿ, ತಡವಾಗುವುದಿದ್ದರೆ 4 ಡಿಗ್ರಿಯಲ್ಲಿ ಇಡಿ. ಕೋಣೆಯ ಬೆಚ್ಚಗಿನಲ್ಲಿ ನಾಲ್ಕಾರು ಗಂಟೆ ಕುಳಿತ ಸೀಸೆಯಲ್ಲಿ ಸ್ಯೂಡೋಮೋನಾಸ್ ತಾನೇ ಬೆಳೆದು, ಇಲ್ಲದ ಎಣಿಕೆಯನ್ನು ತೋರಿಸುತ್ತದೆ. ನೆಗೆಟಿವ್ ವರದಿಗೆ ನಿಜವಾಗಿ ಬೆಲೆಯಿದೆ: ಹಿಂದಿನ 72 ಗಂಟೆಗಳಲ್ಲಿ ಆಂಟಿಬಯಾಟಿಕ್ ಬದಲಾಗಿಲ್ಲದಿದ್ದರೆ, ಚೆನ್ನಾಗಿ ತೆಗೆದ ಮಾದರಿಯಲ್ಲಿ ಏನೂ ಬೆಳೆಯದಿದ್ದರೆ, ಜ್ವರಕ್ಕೆ ಬೇರೆ ಕಡೆ ಕಾರಣ ಹುಡುಕಿ. ಕ್ಯಾಂಡಿಡಾ ಬೆಳೆದಿದ್ದರೆ ಬಹುಮಟ್ಟಿಗೆ ಅದು ಬರೀ ನೆಲೆಸಿದ ಯೀಸ್ಟ್.

ಬಲೂನಿನ ಸುತ್ತ ಸೋರಿಕೆ

ಬಹುಪಾಲು ಸಲ ಹುಡುಕಾಟ ಇಲ್ಲಿಗೇ ಬಂದು ನಿಲ್ಲುತ್ತದೆ. ಬಾಯಿಯ ಜೊಲ್ಲು, ಹೊಟ್ಟೆಯಿಂದ ಮೇಲೆ ಬಂದದ್ದು, ಮೂಗಿನ ಸ್ರಾವ ಎಲ್ಲವೂ ಬಲೂನಿನ ಮೇಲೆ ಕಟ್ಟಿಕೊಂಡು ನಿಲ್ಲುತ್ತವೆ. ಸಾಮಾನ್ಯ ಪಿವಿಸಿ ಬಲೂನಿನ ಅಗಲ ಶ್ವಾಸನಾಳಕ್ಕಿಂತ ಹೆಚ್ಚು. ಉಬ್ಬಿದಾಗ ದೊಡ್ಡ ಅಂಗಿಯನ್ನು ಸಣ್ಣ ಪೆಟ್ಟಿಗೆಗೆ ತುರುಕಿದಂತೆ ಮಡಿಕೆ ಬೀಳುತ್ತದೆ, ಆ ಮಡಿಕೆಗಳುದ್ದಕ್ಕೂ ಸ್ರಾವ ಹನಿಹನಿಯಾಗಿ ಇಳಿಯುತ್ತದೆ. ಪಿವಿಸಿ ಬಲೂನಿನ ಗೋಡೆ ಸುಮಾರು 50 ಮೈಕ್ರಾನ್ ದಪ್ಪ. ಪಾಲಿಯುರೆಥೇನ್‌ನದ್ದು ಸುಮಾರು 7ರಿಂದ 10 ಮೈಕ್ರಾನ್, ಆದ್ದರಿಂದ ಅದರ ಮಡಿಕೆಗಳು ಸಣ್ಣವು. ಗಾಳಿ ಸೋರುವ ಸದ್ದು ಕೇಳದಿದ್ದರೂ ದ್ರವ ಸೋರುತ್ತಿರಬಹುದು ಎಂಬುದನ್ನು ಮರೆಯಬೇಡಿ.

ಒತ್ತಡ 20ರಿಂದ 30 ಸೆಂ.ಮೀ. ನೀರಿನ ನಡುವೆ ಇರಬೇಕು. 20ಕ್ಕಿಂತ ಕೆಳಗಿದ್ದರೆ ಸ್ರಾವ ಇಳಿಯುತ್ತದೆ. 30 ಮೀರಿದರೆ ಶ್ವಾಸನಾಳದ ಒಳಪೊರೆಗೆ ರಕ್ತ ತಲುಪುವುದು ಕಡಿಮೆಯಾಗಿ ಹುಣ್ಣಾಗುತ್ತದೆ. ನಿಮ್ಮ ಮಾಪಕ ಮಿ.ಮೀ. ಪಾದರಸದಲ್ಲಿದ್ದರೆ ಅದೇ ವ್ಯಾಪ್ತಿ 15ರಿಂದ 22. ಎರಡು ಬಗೆಯ ಮಾಪಕಗಳಿರುವ ವಾರ್ಡಿನಲ್ಲಿ ಘಟಕ ಬರೆಯದೆ ಬರೀ 25 ಎಂದು ದಾಖಲಿಸಿದರೆ ಅದಕ್ಕೆ ಅರ್ಥವೇ ಇಲ್ಲ. ಪೈಲಟ್ ಬಲೂನನ್ನು (ಬಲೂನಿಗೆ ಗಾಳಿ ಹಾಕುವ ನಳಿಕೆಯ ಹೊರತುದಿಯ ಪುಟ್ಟ ಬಲೂನು) ಬೆರಳಿನಲ್ಲಿ ಹಿಚುಕಿ ಸರಿಯಾಗಿದೆ ಎನ್ನುವುದನ್ನು ಯಾರೂ ನಂಬಬಾರದು.

ಅಳೆಯುವುದರಲ್ಲೇ ಒಂದು ಸಣ್ಣ ಬಲೆ ಇದೆ. ಮಾಪಕದ ನಳಿಕೆಯನ್ನು ಪೈಲಟ್ ವಾಲ್ವಿಗೆ ಸಿಕ್ಕಿಸಿದಾಗ ಬಲೂನಿನ ಸ್ವಲ್ಪ ಗಾಳಿ ನಳಿಕೆಗೆ ಹೋಗುತ್ತದೆ, ಮುಳ್ಳು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಬಿಚ್ಚುವಾಗ ಮತ್ತೊಂದಿಷ್ಟು ಹೊರಹೋಗುತ್ತದೆ. ಹಾಗಾಗಿ ಅಳೆದ ಪ್ರತಿ ಸಲವೂ ಗಾಳಿ ಸೇರಿಸಿ 25ರಿಂದ 30 ಸೆಂ.ಮೀ. ನೀರಿನ ನಡುವೆ ನಿಲ್ಲಿಸಿಯೇ ಬಿಚ್ಚಬೇಕು. ಬರೀ ನೋಡಿ ಬಿಚ್ಚುವ ಅಭ್ಯಾಸವೇ ಪಾಳಿಯಿಂದ ಪಾಳಿಗೆ ಬಲೂನನ್ನು ಸಡಿಲಗೊಳಿಸುತ್ತಿರುತ್ತದೆ. ಪಾಳಿಗೊಮ್ಮೆ, ರೋಗಿಯ ಮಗ್ಗುಲು ಬದಲಿಸಿದ ಮೇಲೆ, ಸಾಗಿಸಿ ತಂದ ಮೇಲೆ ಅಳೆಯಿರಿ.

ಗಾಳಿ ಸೇರಿಸಿದರೂ ಒಂದೆರಡು ಗಂಟೆಯಲ್ಲಿ ಇಳಿಯುತ್ತಿದ್ದರೆ ಸೋರುವುದು ಬಲೂನೇ, ವಾಲ್ವೇ ಎಂದು ಬೇರ್ಪಡಿಸಬೇಕು. ಬೇಕಾದ ಒತ್ತಡಕ್ಕೆ ಉಬ್ಬಿಸಿ, ಪೈಲಟ್ ನಳಿಕೆಯನ್ನು ಮೆತ್ತನೆಯ ಕ್ಲ್ಯಾಂಪಿನಿಂದ ಹಿಡಿದು ಕಾಯಿರಿ. ಕ್ಲ್ಯಾಂಪ್ ಇದ್ದಾಗ ಗಾಳಿ ನಿಂತು, ತೆಗೆದಾಗ ಇಳಿದರೆ ದೋಷ ವಾಲ್ವಿನದು. ಮೂರು ದಾರಿಯ ಸ್ಟಾಪ್‌ಕಾಕ್ ಸಿಕ್ಕಿಸಿ ಮುಚ್ಚಿದರೆ ಸದ್ಯಕ್ಕೆ ಸಾಕು. ಕ್ಲ್ಯಾಂಪ್ ಇದ್ದೂ ಸೋರಿದರೆ ಬಲೂನು ತೂತಾಗಿದೆ, ಟ್ಯೂಬ್ ಬದಲಿಸಲೇಬೇಕು.

ಇನ್ನೊಂದು ಬಗೆ: ಗಾಳಿ ಹಾಕಿದಷ್ಟೂ ಹೋಗುತ್ತದೆ, ಮಾಪಕ 40 ತೋರಿಸುತ್ತದೆ, ಆದರೂ ಬಾಯಿಯಲ್ಲಿ ಗುಳುಗುಳು ಸದ್ದು. ಟ್ಯೂಬ್ ಮೇಲೆ ಸರಿದು ಬಲೂನು ಸ್ವರತಂತುಗಳ ನಡುವೆ ಸಿಕ್ಕಿಕೊಂಡಿರಬಹುದು. ಹಲ್ಲಿನ ಬಳಿಯ ಗುರುತು ನೋಡಿ. ವಯಸ್ಕ ಮಹಿಳೆಯರಲ್ಲಿ ಸುಮಾರು 21, ಪುರುಷರಲ್ಲಿ 23 ಸೆಂ.ಮೀ. ಇರುವುದು ವಾಡಿಕೆ. ಎಕ್ಸ್‌ರೇಯಲ್ಲಿ ತುದಿ ಶ್ವಾಸನಾಳ ಕವಲೊಡೆಯುವ ಜಾಗದಿಂದ 3ರಿಂದ 5 ಸೆಂ.ಮೀ. ಮೇಲಿರಬೇಕು. ಕತ್ತು ಬಗ್ಗಿಸಿದರೆ ತುದಿ ಸುಮಾರು 2 ಸೆಂ.ಮೀ. ಕೆಳಗಿಳಿಯುತ್ತದೆ, ಹಿಂದಕ್ಕೆ ಚಾಚಿದರೆ ಅಷ್ಟೇ ಮೇಲೇರುತ್ತದೆ. ಎಕ್ಸ್‌ರೇ ತೆಗೆದಾಗ ತಲೆ ಹೇಗಿತ್ತು ಎಂದು ಗೊತ್ತಿಲ್ಲದೆ ಅಳತೆ ಮಾಡಿದರೆ ಮೋಸಹೋಗುತ್ತೀರಿ. ಬಲೂನು ಪೂರ್ತಿ ಇಳಿಸಿದ ಮೇಲೆಯೇ ಟ್ಯೂಬ್ ಸರಿಸಬೇಕು, ಇಳಿಸುವ ಮೊದಲು ಅದರ ಮೇಲಿನ ಸ್ರಾವವನ್ನು ಹೀರಬೇಕು.

ಎದೆಯೊಳಗಿನ ಒತ್ತಡ ದಿಢೀರ್ ಇಳಿದಾಗಲೆಲ್ಲ ಸೋರಿಕೆ ಹೆಚ್ಚುತ್ತದೆ. ಪೀಪ್ ಇದ್ದಷ್ಟು ಹೊತ್ತು ಕೆಳಗಿನ ಗಾಳಿ ಸ್ರಾವಕ್ಕೆ ಎದುರಾಗಿ ನಿಂತಿರುತ್ತದೆ. ಸರ್ಕ್ಯೂಟ್ ಬಿಚ್ಚಿದ ಕ್ಷಣ ಆ ತಡೆ ಹೋಗುತ್ತದೆ, ಟ್ಯೂಬಿನೊಳಗೆ ಸಕ್ಷನ್ ಹಾಕಿದಾಗ ಬಲೂನಿನ ಮೇಲಿದ್ದದ್ದನ್ನು ನಾವೇ ಕೆಳಗೆ ಎಳೆದಂತಾಗುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಬಾಯಿ ಮತ್ತು ಗಂಟಲು ಮೊದಲು, ಅದರದ್ದೇ ಕ್ಯಾಥೆಟರ್‌ನಿಂದ, ಕೈಗವಸು ಬದಲಿಸಿ, ಬೇರೆ ಸ್ಟೆರೈಲ್ ಕ್ಯಾಥೆಟರ್‌ನಿಂದ ಟ್ಯೂಬ್ ಆಮೇಲೆ.

ಬಲೂನಿನ ಮೇಲಿನ ಸ್ರಾವ ಹೀರುವ ನಳಿಕೆ

48ರಿಂದ 72 ಗಂಟೆಗಿಂತ ಹೆಚ್ಚು ವೆಂಟಿಲೇಟರ್ ಬೇಕಾಗುವವರಿಗೆ ಈ ಹೆಚ್ಚುವರಿ ನಳಿಕೆ ಇರುವ ಟ್ಯೂಬನ್ನೇ ಹಾಕುವುದು ಒಳ್ಳೆಯದು. ಸತತವಾಗಿ ಹೀರುವುದಾದರೆ 20 ಮಿ.ಮೀ. ಪಾದರಸದಷ್ಟು ಮೃದು ಒತ್ತಡ ಸಾಕು. ಬಿಟ್ಟುಬಿಟ್ಟು ಹೀರುವುದಾದರೆ 100ರಿಂದ 150. ಯಂತ್ರ ಇಲ್ಲದಿದ್ದರೆ 10 ಮಿ.ಲೀ. ಸಿರಿಂಜಿನಿಂದ ಒಂದೆರಡು ಗಂಟೆಗೊಮ್ಮೆ ಎಳೆಯಿರಿ.

ಇದರ ಸಾಮಾನ್ಯ ದೋಷವೆಂದರೆ ಏನೂ ಬಾರದಿರುವುದು. ಸ್ರಾವವೇ ಇಲ್ಲ ಎಂದು ನೆಮ್ಮದಿ ಪಡುವ ಮೊದಲು 2ರಿಂದ 3 ಮಿ.ಲೀ. ಗಾಳಿಯನ್ನು ನಿಧಾನವಾಗಿ ಒಳತಳ್ಳಿ. ತಡೆಯಿಲ್ಲದೆ ಹೋಗಿ, ಮರಳಿ ಎಳೆದಾಗ ಸ್ರಾವ ಬಂದರೆ ನಳಿಕೆಯ ಬಾಯಿ ಕಟ್ಟಿಕೊಂಡಿತ್ತು ಎಂದರ್ಥ. ತಡೆದು ನಿಂತರೆ ಶ್ವಾಸನಾಳದ ಹಿಂಗೋಡೆ ತೂತಿಗೆ ಅಂಟಿಕೊಂಡಿರಬಹುದು. ಎಳೆತ ಕಡಿಮೆ ಮಾಡಿ, ತಲೆಯ ಭಂಗಿ ತುಸು ಬದಲಿಸಿ ನೋಡಿ. ಹೀರಿದಾಗ ರಕ್ತದ ಗೆರೆ ಕಂಡರೆ ಒತ್ತಡ ಜಾಸ್ತಿಯಾಗಿದೆ. ಒಂದೇ ಸಮನೆ ಗಾಳಿಯ ಗುಳ್ಳೆ ಬರುತ್ತಿದ್ದರೆ ಬಲೂನೇ ಸೋರುತ್ತಿದೆ. ಈ ನಳಿಕೆಯನ್ನು ಪೈಲಟ್ ನಳಿಕೆ ಎಂದು ತಪ್ಪಾಗಿ ಹಿಡಿದು ಗಾಳಿ ಹಾಕುವುದು ಅಥವಾ ಪೈಲಟ್‌ಗೆ ಸಕ್ಷನ್ ಸಿಕ್ಕಿಸಿ ಬಲೂನು ಇಳಿಸುವುದು ಆಗಬಾರದ್ದು, ಆದರೆ ಆಗುತ್ತದೆ. ಎರಡಕ್ಕೂ ಬೇರೆ ಬಣ್ಣದ ಪಟ್ಟಿ ಅಂಟಿಸಿ.

ಟ್ಯೂಬಿನ ಒಳಗೋಡೆ

ಸಕ್ಷನ್ ನಡುವಿನ ಸಡಿಲ ಕಫವನ್ನು ತೆಗೆಯುತ್ತದೆ, ಗೋಡೆಯ ಬಯೋಫಿಲ್ಮನ್ನು ತೆಗೆಯುವುದಿಲ್ಲ. ಬದಲಿಗೆ ಕ್ಯಾಥೆಟರ್ ಉಜ್ಜಿದಾಗ ಅದರ ಚೂರುಗಳು ಬಿಡಿಸಿಕೊಂಡು ಕೆಳಗೆ ಬೀಳಬಹುದು. ಪದರ ಬೆಳೆದಂತೆ ಒಳವ್ಯಾಸ ಕಿರಿದಾಗುತ್ತದೆ. ನೇರ ಹರಿವಿನಲ್ಲಿ ತಡೆ ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮ, 8 ಮಿ.ಮೀ. ಟ್ಯೂಬು 7ಕ್ಕೆ ಇಳಿದರೆ ತಡೆ ಸುಮಾರು 1.7 ಪಟ್ಟು. ಸುಳಿಯುವ ಹರಿವಿನಲ್ಲಿ ಇನ್ನೂ ಹೆಚ್ಚು. ಸ್ವಂತ ಉಸಿರಾಟದ ಪರೀಕ್ಷೆಯಲ್ಲಿ ಕಾರಣವಿಲ್ಲದೆ ಸೋಲುವ ರೋಗಿಯಲ್ಲಿ ಇದನ್ನೂ ನೆನೆಯಬೇಕು.

ಪತ್ತೆಹಚ್ಚುವುದು ಕಷ್ಟವಲ್ಲ. ವಾಲ್ಯೂಮ್ ಕಂಟ್ರೋಲ್‌ನಲ್ಲಿ (ಪ್ರತಿ ಉಸಿರಿಗೂ ನಿಗದಿತ ಪ್ರಮಾಣದ ಗಾಳಿ), ಚೌಕ ಹರಿವಿನಲ್ಲಿ (ಒಂದೇ ವೇಗದ ಹರಿವು), ನಿಮಿಷಕ್ಕೆ 60 ಲೀಟರಿನಂತೆ ಇಟ್ಟು, ಉಸಿರೊಳಗೆ ಹೋದ ಕೊನೆಯಲ್ಲಿ ಅರ್ಧದಿಂದ ಒಂದು ಸೆಕೆಂಡ್ ತಡೆಹಿಡಿಯಿರಿ. ಪೀಕ್ (ಗರಿಷ್ಠ) ಒತ್ತಡಕ್ಕೂ ಪ್ಲಾಟೋ (ತಡೆಹಿಡಿದಾಗ ನಿಲ್ಲುವ) ಒತ್ತಡಕ್ಕೂ ವ್ಯತ್ಯಾಸ 10 ಸೆಂ.ಮೀ. ನೀರಿಗಿಂತ ಹೆಚ್ಚಿದ್ದರೆ ದಾರಿಯಲ್ಲಿ ತಡೆ ಇದೆ. ಎರಡೂ ಒಟ್ಟಿಗೆ ಏರಿದ್ದರೆ ದೋಷ ಟ್ಯೂಬಿನದ್ದಲ್ಲ, ಶ್ವಾಸಕೋಶ ಅಥವಾ ಎದೆಗೂಡಿನದು. ಮೊದಲ ದಿನವೇ ಈ ಅಂಕಿ ಬರೆದಿಟ್ಟರೆ ಐದನೇ ದಿನ ಹೋಲಿಸುವುದಕ್ಕೆ ಏನಾದರೂ ಇರುತ್ತದೆ. ತಡೆ ಕಂಡರೆ ಮೊದಲು ಎಚ್ಎಂಇ ಫಿಲ್ಟರ್ (ಉಸಿರಿನ ಬಿಸಿ, ತೇವ ಹಿಡಿದಿಟ್ಟು ಮರಳಿಸುವ ಫಿಲ್ಟರ್) ತೆಗೆದು ಅಳೆಯಿರಿ, ಎಷ್ಟೋ ಸಲ ಕಟ್ಟಿಕೊಂಡಿರುವುದು ಅದೇ. ಆಮೇಲೆ ಕ್ಯಾಥೆಟರ್, ಆಮೇಲೆ ಸ್ಟೆತಸ್ಕೋಪಿನಿಂದ ಸೀಟಿ ಸದ್ದು. ಹರಿವಿನ ಗೆರೆಯಲ್ಲಿ ಗರಗಸದ ಹಲ್ಲು ಕಂಡರೆ ಕಫ ಅಥವಾ ಸರ್ಕ್ಯೂಟಿನ ನೀರು. ನೀರು ಚೆಲ್ಲಿದ ಮೇಲೂ ಹಲ್ಲು ಉಳಿದರೆ ಕಫ.

ಸಕ್ಷನ್ ಕ್ಯಾಥೆಟರಿನ ಹೊರವ್ಯಾಸ ಟ್ಯೂಬಿನ ಒಳವ್ಯಾಸದ ಅರ್ಧ ಮೀರಬಾರದು. ಟ್ಯೂಬಿನ ಮಿ.ಮೀ. ಅಂಕಿಯನ್ನು ಒಂದೂವರೆಯಿಂದ ಗುಣಿಸಿದರೆ ಕ್ಯಾಥೆಟರಿನ ಫ್ರೆಂಚ್ ಅಳತೆ ಸಿಗುತ್ತದೆ: 8ಕ್ಕೆ 12, 7ಕ್ಕೆ 10. ವಯಸ್ಕರಿಗೆ ಒತ್ತಡ 150 ಮಿ.ಮೀ. ಪಾದರಸದೊಳಗೆ, ಒಂದು ಸಲಕ್ಕೆ 15 ಸೆಕೆಂಡಿಗಿಂತ ಕಡಿಮೆ, ಮೊದಲು ಅರ್ಧದಿಂದ ಒಂದು ನಿಮಿಷ ಪೂರ್ತಿ ಆಮ್ಲಜನಕ. ಗಡಿಯಾರ ನೋಡಿ ಎರಡು ಗಂಟೆಗೊಮ್ಮೆ ಹೀರುವುದಕ್ಕಿಂತ ಸದ್ದು, ಗರಗಸದ ಗೆರೆ, ಏರಿದ ಒತ್ತಡ ನೋಡಿ ಹೀರಬೇಕು. ಪ್ರತಿ ಸಲವೂ ಸಲೈನ್ ಸುರಿಯುವುದು ಬೇಡ.

ತೇವ ಮತ್ತು ನೀರು

ಕಫ ಗೋಂದಿನಂತಾಗಿದ್ದರೆ ತೇವ ಸಾಲುತ್ತಿಲ್ಲ. ವೈ-ಪೀಸ್ (ಸರ್ಕ್ಯೂಟಿನ ಎರಡು ನಳಿಕೆಗಳು ಸೇರುವ ತುಂಡು) ಮತ್ತು ಟ್ಯೂಬಿನ ನಡುವಿನ ಮೆತು ನಳಿಕೆಯ ಒಳಗೆ ಹನಿ ಕಾಣಬೇಕು. ಒಣಗಿದ್ದರೆ ಅದೇ ಸಾಕ್ಷಿ. ಬಿಸಿ ಹ್ಯೂಮಿಡಿಫೈಯರ್ ವೈ-ಪೀಸ್ ಬಳಿ 34ರಿಂದ 41 ಡಿಗ್ರಿಯಲ್ಲಿ ಲೀಟರಿಗೆ 33ರಿಂದ 44 ಮಿ.ಗ್ರಾಂ. ನೀರಾವಿ ಕೊಡಬೇಕು, ಎಚ್ಎಂಇ ಕನಿಷ್ಠ 30. ರಕ್ತಮಿಶ್ರಿತ ಅಥವಾ ದಪ್ಪ ಕಫ, ನಿಮಿಷಕ್ಕೆ 10 ಲೀಟರ್ ಮೀರಿದ ಉಸಿರಾಟ, 32 ಡಿಗ್ರಿಗಿಂತ ಕೆಳಗಿನ ಮೈಬಿಸಿ, ಇವಿದ್ದಲ್ಲಿ ಎಚ್ಎಂಇ ಬಿಟ್ಟು ಹ್ಯೂಮಿಡಿಫೈಯರ್‌ಗೆ ಹೋಗಿ. ಅದಕ್ಕೆ ಸ್ಟೆರೈಲ್ ನೀರು ಮಾತ್ರ.

ಸರ್ಕ್ಯೂಟಿನಲ್ಲಿ ಕಟ್ಟಿದ ನೀರು ರೋಗಿಯ ಬ್ಯಾಕ್ಟೀರಿಯಾಗಳಿಂದಲೇ ತುಂಬಿರುತ್ತದೆ. ಮಗ್ಗುಲು ಬದಲಿಸುವ ಮೊದಲೇ ರೋಗಿಯಿಂದ ದೂರಕ್ಕೆ ಹರಿಸಿ ಚೆಲ್ಲಬೇಕು. ನಳಿಕೆ ಎತ್ತಿದರೆ ಅದು ನೇರ ಟ್ಯೂಬಿಗೆ ಇಳಿಯುತ್ತದೆ. ಸರ್ಕ್ಯೂಟನ್ನು ದಿನ ಲೆಕ್ಕ ಹಾಕಿ ಬದಲಿಸುವುದರಿಂದ ಲಾಭವಿಲ್ಲ. ಕೊಳೆ ಕಂಡಾಗ, ಕೆಟ್ಟಾಗ ಬದಲಿಸಿ.

ಒಂದೇ ಜೀವಿ ಹಲವು ಹಾಸಿಗೆಗಳಲ್ಲಿ

ಎರಡು ಮೂರು ರೋಗಿಗಳಲ್ಲಿ ಒಂದೇ ತಳಿ ಬಂದರೆ ಬಲೂನು ಬಿಟ್ಟು ವಾರ್ಡ್ ನೋಡಿ; ಜೀವಿಯ ಹೆಸರೇ ದಾರಿ ತೋರಿಸುತ್ತದೆ. ಬರ್ಕ್‌ಹೋಲ್ಡೇರಿಯಾ ಸೆಪೇಶಿಯಾ ಎಂದರೆ ದ್ರವ: ಬಾಯಿ ತೊಳೆಯುವ ಔಷಧ, ನೆಬ್ಯುಲೈಸರ್ ದ್ರಾವಣ, ಹಲವರಿಗೆ ಬಳಸುವ ಸೀಸೆ. ತೆರೆದ ಎಲ್ಲ ಸೀಸೆಗಳನ್ನೂ ತೆರೆಯದ ಅದೇ ಬ್ಯಾಚಿನದನ್ನೂ ಕಲ್ಚರಿಗೆ ಕಳಿಸಿ. ತೆರೆಯದ್ದರಲ್ಲೂ ಬೆಳೆದರೆ ಕಾರ್ಖಾನೆಯಲ್ಲೇ ಕೆಟ್ಟಿದೆ. ಸ್ಯೂಡೋಮೋನಾಸ್ ಎಂದರೆ ಸಿಂಕ್ ಮತ್ತು ಅದರ ಬಾಗು ಕೊಳವೆ, ನಲ್ಲಿ, ಸರಿಯಾಗಿ ಒಣಗಿಸದ ಬ್ರಾಂಕೋಸ್ಕೋಪ್. ಅಸಿನೆಟೋಬ್ಯಾಕ್ಟರ್ ಒಣ ಮೇಲ್ಮೈಯಲ್ಲಿ ವಾರಗಟ್ಟಲೆ ಬದುಕುತ್ತದೆ: ಹಾಸಿಗೆಯ ಕಂಬಿ, ವೆಂಟಿಲೇಟರಿನ ಟಚ್‌ಸ್ಕ್ರೀನ್, ಹಾಸಿಗೆಯಿಂದ ಹಾಸಿಗೆಗೆ ಓಡಾಡುವ ಬಲೂನ್ ಮಾಪಕ, ಮರುಬಳಕೆಯ ಉಷ್ಣಮಾಪಕ ಪ್ರೋಬ್, ಕೈಗಳು. ಇಲ್ಲಿ ಕೈತೊಳೆಯುವುದು ಕೈಗವಸಿಗೆ ಬದಲಿಯಲ್ಲ, ಕೈಗವಸೂ ಕೈತೊಳೆಯುವುದಕ್ಕೆ ಬದಲಿಯಲ್ಲ. ಮೊದಲೆರಡು ಮೂರು ದಿನಗಳಲ್ಲೇ ಸ್ಟ್ರೆಪ್ಟೊಕಾಕಸ್, ಹಿಮೋಫಿಲಸ್ ಬಂದರೆ ಅದು ರೋಗಿಯ ಗಂಟಲಿನದೇ, ವಾರ್ಡನ್ನು ದೂರಬೇಡಿ.

ಚಿಕಿತ್ಸೆಯ ನಂತರ ಮರಳಿ ಬಂದರೆ

ಸೆನ್ಸಿಟಿವಿಟಿ ವರದಿ (ಜೀವಿ ಯಾವ ಔಷಧಕ್ಕೆ ಬಗ್ಗುತ್ತದೆ ಎಂಬುದು) ದ್ರವದಲ್ಲಿ ತೇಲುವ ಬ್ಯಾಕ್ಟೀರಿಯಾದ ಮೇಲೆ ಮಾಡಿದ್ದು. ಅದೇ ಜೀವಿ ಬಯೋಫಿಲ್ಮಿನೊಳಗೆ ನೂರಾರು ಪಟ್ಟು ಹೆಚ್ಚು ಔಷಧ ತಡೆದುಕೊಳ್ಳಬಲ್ಲದು. ಹಾಗಾಗಿ ಶ್ವಾಸಕೋಶ ಗುಣವಾದ ಮೇಲೂ ಟ್ಯೂಬಿನ ಕಲ್ಚರ್ ಪಾಸಿಟಿವ್ ಇರುವುದು ಸಹಜ. ಚಿಕಿತ್ಸೆ ಸೋತಿತೆಂದು ಔಷಧ ಬದಲಿಸಬೇಡಿ, ಗುಣವಾಗಿದೆಯೇ ಎಂದು ನೋಡಲು ಮತ್ತೆ ಕಲ್ಚರ್ ಕಳಿಸಲೂ ಬೇಡಿ. ರೋಗಿ ಸುಧಾರಿಸುತ್ತಿದ್ದರೆ 7 ದಿನದ ಚಿಕಿತ್ಸೆ ಸಾಮಾನ್ಯವಾಗಿ ಸಾಕು. ಬಯೋಫಿಲ್ಮ್ ಇದೆ ಎಂಬ ಒಂದೇ ಕಾರಣಕ್ಕೆ ಟ್ಯೂಬ್ ಬದಲಿಸುವುದು ಸರಿಯಲ್ಲ. ಮತ್ತೆ ಟ್ಯೂಬ್ ಹಾಕುವುದೇ ನ್ಯುಮೋನಿಯಾದ ಅಪಾಯ ಹೆಚ್ಚಿಸುತ್ತದೆ. ಕಟ್ಟಿಕೊಂಡಿದ್ದರೆ, ಬಲೂನು ತೂತಾಗಿದ್ದರೆ ಮಾತು ಬೇರೆ.

ಬೆಳ್ಳಿ ಲೇಪಿತ ಟ್ಯೂಬಿನ ಬಗ್ಗೆ ಕೇಳುವವರಿಗೆ: 2008ರ ನ್ಯಾಸೆಂಟ್ ಪ್ರಯೋಗದಲ್ಲಿ ನ್ಯುಮೋನಿಯಾ 7.5 ಪ್ರತಿಶತದಿಂದ 4.8ಕ್ಕೆ ಇಳಿಯಿತು, ಸಾವಾಗಲಿ ವೆಂಟಿಲೇಟರ್ ದಿನಗಳಾಗಲಿ ಇಳಿಯಲಿಲ್ಲ. ಲೇಪದ ಮೇಲೆ ಕಫ ಕಟ್ಟಿದರೆ ಬೆಳ್ಳಿ ಅದರಡಿ ಹೂತುಹೋಗುತ್ತದೆ. 2023ರಲ್ಲಿ ಪ್ರಕಟವಾದ ಅಮಿಕಿನ್ಹೇಲ್ ಪ್ರಯೋಗದಲ್ಲಿ, ಮೂರು ದಿನ ವೆಂಟಿಲೇಟರಿನಲ್ಲಿದ್ದವರಿಗೆ ಅಮಿಕಾಸಿನ್ ಎಂಬ ಆಂಟಿಬಯಾಟಿಕ್ ಅನ್ನು ಕಿ.ಗ್ರಾಂ.ಗೆ 20 ಮಿ.ಗ್ರಾಂ.ನಂತೆ ಮೂರು ದಿನ ಉಸಿರಿನ ಮೂಲಕ ಕೊಟ್ಟಾಗ 28 ದಿನಗಳಲ್ಲಿ ನ್ಯುಮೋನಿಯಾ 22ರಿಂದ 15 ಪ್ರತಿಶತಕ್ಕೆ ಇಳಿಯಿತು. ಆಸಕ್ತಿ ಹುಟ್ಟಿಸುವ ಫಲಿತಾಂಶ, ಆದರೆ ಸೋರುವ ಬಲೂನಿನ ಮೇಲೆ ಯಾವ ಔಷಧ ಸುರಿದರೂ ಸೋರಿಕೆ ನಿಲ್ಲುವುದಿಲ್ಲ.

ಬಾಯಿಯ ಆರೈಕೆಯಲ್ಲಿ ಒಂದು ಬದಲಾವಣೆ ಆಗಿದೆ. ಅಮೆರಿಕದ ಸೋಂಕು ನಿಯಂತ್ರಣ ಸಂಘಗಳ 2022ರ ಶಿಫಾರಸು ದಿನನಿತ್ಯ ಹಲ್ಲುಜ್ಜುವುದನ್ನು ಎತ್ತಿಹಿಡಿದು, ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ಬಳಸುವುದು ಬೇಡ ಎಂದಿದೆ. ಸಾವು ಹೆಚ್ಚಬಹುದೆಂಬ ಶಂಕೆ ಅದರ ಹಿಂದಿದೆ. ಬ್ರಷ್ ಮಾಡುವ ಮೊದಲು ಬಲೂನಿನ ಒತ್ತಡ ನೋಡಿ, ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತಿರಲಿ, ಬಳಸುವ ನೀರನ್ನು ಆಗಿಂದಾಗ ಹೀರುತ್ತಿರಿ.

ಟ್ಯೂಬ್ ತೆಗೆಯುವ ದಿನ ಬಂದಾಗ ಬಾಯಿ, ಗಂಟಲು, ಬಲೂನಿನ ಮೇಲಿನ ನಳಿಕೆ ಈ ಕ್ರಮದಲ್ಲಿ ಹೀರಿ, ಆಮೇಲೆ ಟ್ಯೂಬ್ ಹೀರಿ, ಮತ್ತೊಮ್ಮೆ ಗಂಟಲು ನೋಡಿ. ಆ ಮೇಲೆಯೇ ಬಲೂನು ಇಳಿಸಿ, ಉಸಿರು ತುಂಬಿಕೊಂಡ ಕ್ಷಣದಲ್ಲಿ ಟ್ಯೂಬ್ ಎಳೆಯಿರಿ. ಮೊದಲು ಹೊರಡುವ ಉಸಿರು ಉಳಿದ ಸ್ರಾವವನ್ನು ಮೇಲಕ್ಕೆ ತಳ್ಳುತ್ತದೆ. ತೆಗೆದ ಟ್ಯೂಬಿನ ತುದಿಯನ್ನು ಕಲ್ಚರಿಗೆ ಕಳಿಸುವ ಅಗತ್ಯವಿಲ್ಲ. ಅಲ್ಲಿ ಏನಾದರೂ ಬೆಳೆದೇ ಬೆಳೆಯುತ್ತದೆ, ಅದನ್ನು ನೋಡಿ ಯಾರಾದರೂ ಮತ್ತೊಂದು ಕೋರ್ಸ್ ಬರೆದಾರು.